ಹೊಳವಾಗುವ ತನಕ

"ಮಳೆ ಬರ್ತಿದೆ ಸಾರ್, ಇವತ್ತು ಹಕ್ಕಿ ಸಿಗಲ್ಲ."

ತೀರ್ಥಹಳ್ಳಿ ಕಡೆಯ ಹೋಂಸ್ಟೇ ಒಂದರಲ್ಲಿ ಬಂದವರಿಗೆ ಹಕ್ಕಿ ತೋರಿಸುವುದು ನನ್ನ ಕೆಲಸ. ಮೊದಲ ಮಳೆಗಾಲ ಪೂರ್ತಿ ಈ ಮಾತಲ್ಲೇ ಕಳೆದೆ. ದುಡ್ಡು ಕೊಟ್ಟು ಬಂದವರು ಬಜ್ಜಿ ತಿಂದು ವಾಪಸ್ ಹೋಗುತ್ತಿದ್ದರು.

ಒಂದು ದಿನ ಬೇಜಾರಾಗಿ ಜಗಲಿಯಲ್ಲೇ ಬೈನಾಕ್ಯುಲರ್ ಎತ್ತಿಕೊಂಡೆ. ಅಂಗಳದಾಚೆ ಪೇರಲೆ ಗಿಡದಲ್ಲಿ ಒಂದು ಪಿಕಳಾರ. ಸೋನೆ ಇದ್ದಷ್ಟು ಹೊತ್ತು ಗರಿ ಉಬ್ಬಿಸಿಕೊಂಡು ಉಂಡೆ ಥರ ಕೂತಿತ್ತು. ಮಳೆ ಜೋರಾದದ್ದೇ ತಡ, ಗರಿಯೆಲ್ಲ ಮೈಗೆ ಅಂಟಿಸಿ, ನೆಟ್ಟಗಾಗಿ, ಕೊಕ್ಕು ಮೇಲೆತ್ತಿತು. ನೀರು ತಲೆಯಿಂದ ಬಾಲದ ತನಕ ಜಾರಿ ತೊಟ್ಟಿಕ್ಕುತ್ತಿತ್ತು. ಉಬ್ಬಿದ ಗರಿಯೊಳಗೆ ಗಾಳಿ ನಿಂತು ಮೈ ಬೆಚ್ಚಗಿರುತ್ತದೆ. ಜಡಿಮಳೆಗೆ ಹಾಗೇ ಕೂತರೆ ನೀರು ಒಳಗಿಳಿಯುತ್ತದೆ. ಸುಮ್ನೆ ಕೂತಿದೆ ಅಂದುಕೊಂಡಿದ್ದ ಹಕ್ಕಿಗೆ ಮೈತುಂಬ ಕೆಲಸ!

ಇಷ್ಟು ಗೊತ್ತಾದ ಮೇಲೂ ಒಂದು ತಪ್ಪು ಮಾಡಿದೆ. ಆರಿದ್ರಾ ಮಳೆ, ಜೂನ್ ಕೊನೆ. ಬೇಲಿಯ ದಾಸವಾಳದಲ್ಲಿ ಪಿಕಳಾರದ ಗೂಡು. 3 ಮರಿ, ಇನ್ನೂ ಗರಿ ಬಂದಿರಲಿಲ್ಲ. ಬೆಂಗಳೂರಿಂದ ಬಂದವರೊಬ್ಬರಿಗೆ ಮಳೆಯಲ್ಲಿ ಗೂಡಿನ ಮೇಲೆ ಕೂತ ತಾಯಿಯ ಫೋಟೋ ಬೇಕಿತ್ತು. ಎಲೆ ಅಡ್ಡ ಬರುತ್ತಿತ್ತು. ನಾನೇ ರೆಂಬೆ ಸರಿಸಿದೆ. ತಾಯಿ ಹಾರಿತು. ಈಗ ಬರುತ್ತೆ ಅಂತ ಅಲ್ಲೇ ನಿಂತೆವು. ನಾವು ನಿಂತದ್ದಕ್ಕೇ ಅದು ಬರಲಿಲ್ಲ. ಹನಿ ನೇರ ಗೂಡಿಗೆ ಬೀಳುತ್ತಿತ್ತು. ಗರಿ ಇಲ್ಲದ ಮರಿಗೆ ತಾಯಿಯ ಮೈಯೇ ಸೂರು, ಅದೇ ಒಲೆ. ಮರುದಿನ ಬೆಳಿಗ್ಗೆ ಒಂದೇ ಮರಿ ಬಾಯಿ ತೆರೆಯಿತು. ಹೊರಡುವಾಗ ಅವರು ಟಿಪ್ಸ್ ಕೊಟ್ಟರು. ಮರಿಗಳ ವಿಷಯ ನಾನು ಹೇಳಲಿಲ್ಲ, ದುಡ್ಡು ಮಾತ್ರ ತಗೊಂಡೆ.

ಈಗ ಮಳೆ ಸುರಿಯುವಾಗ ಯಾರನ್ನೂ ತೋಟಕ್ಕೆ ಇಳಿಸುವುದಿಲ್ಲ. ಗೂಡಿರುವ ಜಾಗ ತೋರಿಸುವುದೂ ಇಲ್ಲ. ಮಳೆ ನಿಂತು ಹೊಳವಾಗುವ ಸೂಚನೆ ಕಂಡರೆ, ರಕ್ತ ಹೀರುವ ಇಂಬಳ ಹತ್ತದಿರಲೆಂದು ಉದ್ದ ಕಾಲುಚೀಲ ಏರಿಸಿ ಹೊರಡುತ್ತೇವೆ. ಹೊಳವಾದ ಮೊದಲ 20 ನಿಮಿಷ ಬೇಸಿಗೆಯ ಅರ್ಧ ದಿನಕ್ಕೆ ಸಮ, ಇದು ನನ್ನ ಲೆಕ್ಕ. ಹಸಿದವರೆಲ್ಲ ಒಟ್ಟಿಗೆ ಹೊರಬೀಳುತ್ತಾರೆ. ಕಾಜಾಣ ಹುಳದ ಹಿಂದೆ ಹಾರಿದರೆ, ಸೂರಕ್ಕಿ ಬಾಳೆ ಎಲೆಯ ನೀರಲ್ಲಿ ಹೊರಳಾಡಿ ಸ್ನಾನ ಮಾಡುತ್ತದೆ. ಹಳ್ಳದ ಸರಳೆ ಸಿಳ್ಳಾರ ಅನ್ನುವ ಹಕ್ಕಿಗೆ ಹೊಳವೂ ಬೇಡ. ಮಳೆಗಾಲವೇ ಅದರ ಹಾಡಿನ ಕಾಲ. ನೀರಿನ ಭೋರ್ಗರೆತದ ನಡುವೆಯೂ ಸಿಳ್ಳೆ ಕೇಳುತ್ತದೆ, ಯಾರೋ ಹುಡುಗ ದಾರಿಯಲ್ಲಿ ಹೋಗುತ್ತಿದ್ದಾನೇನೋ ಅನ್ನುವ ಹಾಗೆ.

ಮೊನ್ನೆ ಹೊಳವಾದಾಗ ಒಣಮರದ ತುದಿಯಲ್ಲಿ ಸರ್ಪ ಹದ್ದೊಂದು ಎರಡೂ ರೆಕ್ಕೆ ಜೋತುಬಿಟ್ಟು ಕೂತಿತ್ತು.

"ಪಾಪ, ಪೆಟ್ಟಾಗಿದೆಯಾ?" ಜೊತೆಗಿದ್ದ ಮೇಡಂ ಕೇಳಿದರು.

"ಇಲ್ಲ ಮೇಡಂ, ಒಣಗಿಸ್ಕೊಳ್ತಿದೆ. ಹತ್ತಿರ ಹೋಗೋದು ಬೇಡ."

ಅವರು ಕ್ಯಾಮೆರಾ ಇಳಿಸಿ ಕಲ್ಲಿನ ಮೇಲೆ ಕೂತರು. ಮುಂದಿನ ಮಳೆ ಬರುವ ತನಕ ಹದ್ದೂ ಏಳಲಿಲ್ಲ, ಅವರೂ ಏಳಲಿಲ್ಲ. ನನ್ನ ಕಾಲಿಗೆ ಮಾತ್ರ ಎರಡು ಇಂಬಳ ಹತ್ತಿತು.