ಅಲ್ಲಾಹನ ಕರುಣೆ, ಅಂಗಡಿಯ ಸಾಲ

ರಮಝಾನಿನ ಕೊನೆಯ ಹತ್ತು ರಾತ್ರಿಗಳಲ್ಲಿ ನಮ್ಮ ಮಸೀದಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದುಆ (ಪ್ರಾರ್ಥನೆ) ತೀರಾ ಚಿಕ್ಕದು: ‘ಅಲ್ಲಾಹುಮ್ಮ ಇನ್ನಕ ಅಫುವ್ವುನ್ ತುಹಿಬ್ಬುಲ್ ಅಫ್ವ ಫಅಫು ಅನ್ನೀ.’ ಅಲ್ಲಾಹನೇ, ನೀನು ಕ್ಷಮಿಸುವವನು, ಕ್ಷಮೆಯನ್ನು ಮೆಚ್ಚುವವನು, ನನ್ನನ್ನು ಕ್ಷಮಿಸು. ಲೈಲತುಲ್ ಕದ್ರ್ ಎಂಬ ಮಹಿಮೆಯ ರಾತ್ರಿ ಒದಗಿಬಂದರೆ ಏನನ್ನು ಬೇಡಲಿ ಎಂದು ಪತ್ನಿ ಆಯಿಷಾ (ರ) ಕೇಳಿದಾಗ ಪ್ರವಾದಿ ಮುಹಮ್ಮದ್ (ಸ) ಕಲಿಸಿಕೊಟ್ಟದ್ದು ಇದನ್ನೇ. ಸಾವಿರ ತಿಂಗಳಿಗಿಂತ ಮಿಗಿಲೆಂದು ಕುರ್‌ಆನ್ ಹೇಳುವ ಆ ಒಂದು ರಾತ್ರಿಗೆ ಆರಿಸಿದ ಬೇಡಿಕೆಯಲ್ಲಿ ಸಿರಿವಂತಿಕೆಯ ಮಾತಿಲ್ಲ, ಆಯುಷ್ಯದ ಮಾತಿಲ್ಲ, ಸ್ವರ್ಗದ ಹೆಸರೂ ಇಲ್ಲ.

ಈ ದುಆ ಹೇಳುವವನ ಮನಸ್ಸಿನಲ್ಲಿ ಭರವಸೆ ಮೂಡದೆ ಇರದು. ಅದಕ್ಕೆ ಆಧಾರವೂ ಬೇಕಾದಷ್ಟಿದೆ. ಒಮ್ಮೆ ಸೆರೆಯಾಳುಗಳ ನಡುವೆ ಒಬ್ಬ ತಾಯಿ ತನ್ನ ಮಗುವಿಗಾಗಿ ಹುಡುಕಾಡುತ್ತಿದ್ದಳು. ಸಿಕ್ಕಿದೊಡನೆ ಎದೆಗಪ್ಪಿಕೊಂಡು ಹಾಲೂಡಿಸಿದಳು. ಪ್ರವಾದಿ (ಸ) ಸಂಗಾತಿಗಳನ್ನು ಕೇಳಿದರು: ಈಕೆ ತನ್ನ ಮಗುವನ್ನು ಬೆಂಕಿಗೆ ಎಸೆಯುವಳೇ? ತನ್ನಿಂದಾಗುವವರೆಗೆ ಎಂದಿಗೂ ಇಲ್ಲ ಎಂದರು ಅವರು. ಈಕೆಗೆ ತನ್ನ ಮಗುವಿನ ಮೇಲಿರುವುದಕ್ಕಿಂತ ಹೆಚ್ಚಿನ ಕರುಣೆ ಅಲ್ಲಾಹನಿಗೆ ತನ್ನ ದಾಸರ ಮೇಲಿದೆ ಎಂದರು ಪ್ರವಾದಿ (ಸ). ಪ್ರವಾದಿಯವರ ನುಡಿ-ನಡೆಗಳ ವರದಿಯಾದ ಇನ್ನೊಂದು ಹದೀಸಿನ ಪ್ರಕಾರ ಅಲ್ಲಾಹನು ಕರುಣೆಯನ್ನು 100 ಪಾಲು ಮಾಡಿ ಭೂಮಿಗೆ ಇಳಿಸಿದ್ದು ಒಂದನ್ನು ಮಾತ್ರ. ಮರಿಗೆ ತಾಗೀತೆಂದು ಪ್ರಾಣಿಯೊಂದು ಗೊರಸೆತ್ತಿಕೊಳ್ಳುವುದೂ ಆ ಒಂದು ಪಾಲಿನಿಂದಲೇ. ಉಳಿದ 99 ಪಾಲನ್ನು ಅವನು ಅಂತ್ಯದಿನಕ್ಕಾಗಿ ತನ್ನ ಬಳಿ ಇರಿಸಿಕೊಂಡಿದ್ದಾನೆ.

ಹಾಗಾದರೆ ನರಕ ಏಕೆ? ಮದರಸದ ಮಕ್ಕಳು ಕೇಳುವ ಪ್ರಶ್ನೆ ಇದು. ದೊಡ್ಡವರು ಕೇಳುವ ಧೈರ್ಯ ಕಳೆದುಕೊಂಡಿರುತ್ತಾರೆ, ಅಷ್ಟೇ. ಕುರ್‌ಆನ್ ಇದನ್ನು ಮರೆಮಾಚುವುದಿಲ್ಲ. ‘ನಾನು ಕ್ಷಮಿಸುವವನು, ಕರುಣಾನಿಧಿ ಎಂದು ನನ್ನ ದಾಸರಿಗೆ ತಿಳಿಸಿರಿ’ ಎಂಬ ಸೂಕ್ತದ ಬೆನ್ನಿಗೇ ‘ನನ್ನ ಶಿಕ್ಷೆ ಯಾತನಾಮಯ ಶಿಕ್ಷೆ’ ಎಂಬುದೂ ಬರುತ್ತದೆ. ಅಲ್‌ಹಿಜ್ರ್ ಅಧ್ಯಾಯದ 49 ಮತ್ತು 50ನೆಯ ಸೂಕ್ತಗಳನ್ನು ಒಟ್ಟಿಗೇ ಓದಬೇಕು. ಕೆಲವು ಪ್ರವಚನಕಾರರು ಎರಡನೆಯದನ್ನು ಮಾತ್ರ ಹಿಡಿದು ಚೇಳು, ಹಾವು, ಕುದಿನೀರಿನ ವರ್ಣನೆಯಲ್ಲಿ ರಾತ್ರಿ ಕಳೆಯುತ್ತಾರೆ. ಮೊದಲನೆಯದನ್ನು ಮಾತ್ರ ಹೇಳಿ ಜನರನ್ನು ಮಲಗಿಸುವವರೂ ಇದ್ದಾರೆ. ನನಗೆ ಇಬ್ಬರ ಮಾತೂ ರುಚಿಸುವುದಿಲ್ಲ.

ಶಿಕ್ಷೆ ಯಾರಿಗೆಂದು ಕುರ್‌ಆನಿನ ಕೊನೆಯ ಭಾಗದ ಪುಟ್ಟ ಅಧ್ಯಾಯಗಳಲ್ಲಿ ನೋಡಿದರೆ ಪರಿಚಿತ ಮುಖಗಳೇ ಕಾಣಿಸುತ್ತವೆ. ತಾನು ಕೊಳ್ಳುವಾಗ ಪೂರ್ತಿ ಅಳೆಸಿಕೊಂಡು, ಕೊಡುವಾಗ ತೂಕ ಕಡಿಮೆ ಮಾಡುವ ವ್ಯಾಪಾರಿ. ಅನಾಥನನ್ನು ದೂಡಿ ಅಟ್ಟುವವನು. ಜನರು ನೋಡಲೆಂದು ನಮಾಝ್ ಮಾಡುತ್ತಾ, ನೆರೆಯವರಿಗೆ ಸಣ್ಣಪುಟ್ಟ ವಸ್ತುವನ್ನೂ ಕೊಡದವನು. ಹದೀಸುಗಳಲ್ಲಿ ಬೆಕ್ಕೊಂದನ್ನು ಕೂಡಿಹಾಕಿ, ತಾನೂ ತಿನ್ನಲು ಕೊಡದೆ, ಹೊರಗೆ ಹುಡುಕಿಕೊಳ್ಳಲೂ ಬಿಡದೆ ಸಾಯಿಸಿದ ಹೆಂಗಸು ನರಕಕ್ಕೆ ಹೋಗುತ್ತಾಳೆ. ಬಾಯಾರಿ ಸಾಯುತ್ತಿದ್ದ ನಾಯಿಗೆ ತನ್ನ ಪಾದರಕ್ಷೆಯಲ್ಲಿ ನೀರು ಮೊಗೆದು ಕುಡಿಸಿದ ವೇಶ್ಯೆಗೆ ಕ್ಷಮೆ ಸಿಗುತ್ತದೆ. ಶಿಕ್ಷೆಯೇ ಇಲ್ಲದಿದ್ದರೆ ಕೂಡಿಹಾಕಿದವಳಿಗೂ ನೀರು ಕುಡಿಸಿದವಳಿಗೂ ವ್ಯತ್ಯಾಸವೇನು? ಆ ಬೆಕ್ಕಿನ ಪರವಾಗಿ ಕೇಳುವವರು ಯಾರು?

ನನ್ನನ್ನು ಹೆಚ್ಚು ಹೆದರಿಸುವುದು ದಿವಾಳಿಯವನ ಹದೀಸು. ದಿವಾಳಿಯಾದವನು ಯಾರೆಂದು ಪ್ರವಾದಿ (ಸ) ಕೇಳಿದರು. ಕೈಯಲ್ಲಿ ದಿರ್ಹಮೂ ಸರಕೂ ಇಲ್ಲದವನು ಎಂದರು ಸಂಗಾತಿಗಳು. ಪ್ರವಾದಿ (ಸ) ತೋರಿಸಿದ್ದು ಬೇರೊಬ್ಬನನ್ನು: ಅವನು ನಮಾಝ್, ಉಪವಾಸ, ಕಡ್ಡಾಯ ದಾನವಾದ ಝಕಾತ್‌ಗಳೊಂದಿಗೆ ಅಂತ್ಯದಿನದಂದು ಬರುತ್ತಾನೆ. ಆದರೆ ಒಬ್ಬನನ್ನು ಬೈದಿರುತ್ತಾನೆ, ಇನ್ನೊಬ್ಬನ ಮೇಲೆ ಅಪವಾದ ಹೊರಿಸಿರುತ್ತಾನೆ, ಮತ್ತೊಬ್ಬನ ಹಣ ತಿಂದಿರುತ್ತಾನೆ, ಮಗದೊಬ್ಬನಿಗೆ ಹೊಡೆದಿರುತ್ತಾನೆ. ಅವನ ಪುಣ್ಯವನ್ನೆಲ್ಲ ಅವರಿಗೆ ಹಂಚಲಾಗುತ್ತದೆ. ಪುಣ್ಯ ಮುಗಿದ ಮೇಲೂ ಬಾಕಿ ಉಳಿದರೆ ಅವರ ಪಾಪಗಳನ್ನು ಇವನ ತಲೆಗೆ ಕಟ್ಟಿ ನರಕಕ್ಕೆ ತಳ್ಳಲಾಗುತ್ತದೆ. ಮೂವತ್ತು ಉಪವಾಸ ಹಿಡಿದೂ ಬರಿಗೈ! ನನ್ನ ಮತ್ತು ಅಲ್ಲಾಹನ ನಡುವಿನ ತಪ್ಪಿಗೆ ತೌಬಾದ (ಪಶ್ಚಾತ್ತಾಪದ) ಬಾಗಿಲು ಅಗಲವಾಗಿ ತೆರೆದಿದೆ. ಇನ್ನೊಬ್ಬರ ಹಕ್ಕನ್ನು ನುಂಗಿದ್ದರೆ ಮಾತ್ರ ಆ ಬಾಗಿಲು ನನ್ನನ್ನು ಮೊದಲು ಅವರ ಮನೆಗೇ ಕಳುಹಿಸುತ್ತದೆ. ಹುತಾತ್ಮನ ಪಾಪಗಳೆಲ್ಲ ಕ್ಷಮಿಸಲ್ಪಟ್ಟರೂ ಸಾಲ ಮಾತ್ರ ಉಳಿಯುತ್ತದೆ ಎಂಬ ಹದೀಸೂ ಇದೆ. ಇದನ್ನು ಕರುಣೆಯ ಕೊರತೆ ಎಂದು ನಾನು ತಿಳಿಯಲಾರೆ. ಸಾಲ ಕೊಟ್ಟು ಮೋಸಹೋದವನೂ ಅಲ್ಲಾಹನ ದಾಸನೇ ತಾನೇ? ಅವನ ಮೇಲೂ ಕರುಣೆ ಬೇಡವೇ?

ಈ ಲೆಕ್ಕವನ್ನು ನಾವು ಇನ್ನೊಬ್ಬರ ಮೇಲೆ ಹಾಕಲು ಹೊರಟಾಗ ಕೆಡುತ್ತೇವೆ. ಇಂಥವನನ್ನು ಅಲ್ಲಾಹನು ಕ್ಷಮಿಸುವುದಿಲ್ಲ ಎಂದು ಒಬ್ಬ ಆಣೆಯಿಟ್ಟ. ನನ್ನ ಹೆಸರಿನಲ್ಲಿ ಹೀಗೆ ಆಣೆಯಿಡಲು ಇವನಾರು, ಅವನನ್ನು ನಾನು ಕ್ಷಮಿಸಿದೆ, ಆಣೆಯಿಟ್ಟವನೇ, ನಿನ್ನ ಕರ್ಮಗಳನ್ನು ಅಳಿಸಿದೆ ಎಂದು ಅಲ್ಲಾಹನು ಹೇಳಿದನೆಂದು ಹದೀಸಿನಲ್ಲಿದೆ. ಪಕ್ಕದ ಮನೆಯ ಅನ್ಯಮತೀಯ ಗೆಳೆಯನ ಪರಲೋಕವನ್ನು ಚಹಾ ಕುಡಿಯುತ್ತಲೇ ತೀರ್ಮಾನಿಸುವವರು ಇದನ್ನು ಓದಿಯೇ ಇಲ್ಲವೇನೋ. ದೂತನನ್ನು ಕಳುಹಿಸದೆ ನಾವು ಶಿಕ್ಷಿಸುವವರಲ್ಲ ಎನ್ನುತ್ತದೆ ಕುರ್‌ಆನ್. 1111ರಲ್ಲಿ ತೀರಿಕೊಂಡ ಧರ್ಮವಿದ್ವಾಂಸ ಇಮಾಮ್ ಗಝ್ಝಾಲಿ ಇನ್ನೂ ಮುಂದೆ ಹೋಗಿ, ಸಂದೇಶವೇ ತಲುಪದವರನ್ನೂ, ತಿರುಚಿದ ರೂಪದಲ್ಲಿ ಮಾತ್ರ ತಲುಪಿದವರನ್ನೂ ದೈವಕರುಣೆ ಒಳಗೊಳ್ಳುವುದೆಂದು ಬರೆದರು. ತಮ್ಮ ಕಾಲದ ಬೈಝಾಂಟಿಯನ್ ಸಾಮ್ರಾಜ್ಯದ ಕ್ರೈಸ್ತರಲ್ಲೂ ತುರ್ಕರಲ್ಲೂ ಬಹುಪಾಲು ಜನರನ್ನು ಅವರು ಹೀಗೆಯೇ ಕಂಡರು. ಎಲ್ಲ ವಿದ್ವಾಂಸರೂ ಇದನ್ನು ಇಷ್ಟು ಅಗಲಿಸಿ ಹೇಳಿಲ್ಲ, ನಿಜ. ನನ್ನ ಮನಸ್ಸು ಮಾತ್ರ ಗಝ್ಝಾಲಿಯವರ ಕಡೆಗೇ ವಾಲುತ್ತದೆ.

ಪ್ರವಾದಿ (ಸ) ಒಂದು ಇಡೀ ರಾತ್ರಿ ಒಂದೇ ಸೂಕ್ತವನ್ನು ಪುನರುಚ್ಚರಿಸುತ್ತಾ ಬೆಳಗಿನವರೆಗೆ ನಮಾಝಿನಲ್ಲಿ ನಿಂತಿದ್ದರೆಂದು ಸಂಗಾತಿ ಅಬೂಝರ್ (ರ) ಹೇಳುತ್ತಾರೆ. ಕುರ್‌ಆನಿನಲ್ಲಿ ಅದು ಯೇಸು, ಅಂದರೆ ಈಸಾ (ಅ) ಅವರ ಮಾತು: ‘ನೀನು ಅವರನ್ನು ಶಿಕ್ಷಿಸಿದರೆ ಅವರು ನಿನ್ನ ದಾಸರು. ನೀನು ಅವರನ್ನು ಕ್ಷಮಿಸಿದರೆ ನೀನು ಪ್ರಬಲನು, ಯುಕ್ತಿವಂತನು.’ ತೀರ್ಪು ಕೊಡುವವನ ಮುಂದೆ ಮನುಷ್ಯ ಹೇಳಬಹುದಾದದ್ದು ಇದಕ್ಕಿಂತ ಹೆಚ್ಚಿಲ್ಲ ಎಂದು ಆ ರಾತ್ರಿಯನ್ನು ನೆನೆದಾಗಲೆಲ್ಲ ಅನ್ನಿಸುತ್ತದೆ.

ಸಾಲದ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಅದು ನಮ್ಮ ಕೈಯಲ್ಲಿರುವ ಸಂಗತಿ. ಎರಡು ದೀನಾರ್ ಸಾಲವಿದ್ದ ಒಬ್ಬನ ಜನಾಝಾ (ಶವ) ಬಂದಾಗ ಪ್ರವಾದಿ (ಸ) ನಮಾಝ್ ಮಾಡದೆ ಹಿಂದೆ ಸರಿದರು. ಆ ಸಾಲ ನನ್ನದು ಎಂದು ಸಂಗಾತಿ ಅಬೂ ಕತಾದಾ (ರ) ಹೊತ್ತುಕೊಂಡ ಮೇಲೆಯೇ ನಮಾಝ್ ನಡೆಯಿತು. ತೀರಿಸಿದ್ದೇನೆಂದು ಅವರು ಬಂದು ಹೇಳಿದಾಗ ಪ್ರವಾದಿ (ಸ) ಹೇಳಿದರು: ‘ಈಗ ಅವನ ಚರ್ಮ ತಂಪಾಯಿತು.’ ನಮ್ಮ ಕರಾವಳಿಯ ಮಸೀದಿಗಳಲ್ಲಿ ಇಂದಿಗೂ ಜನಾಝಾ ನಮಾಝಿಗೆ ಮುನ್ನ ಮೃತರ ಮಗನೋ ಸೋದರನೋ ಮುಂದೆ ಬಂದು ನಿಲ್ಲುತ್ತಾನೆ. ಇವರಿಂದ ಯಾರಿಗಾದರೂ ಹಣ ಬರಬೇಕಿದ್ದರೆ ನನ್ನನ್ನು ಕೇಳಿ, ಮಾತಿನಿಂದ ನೋವಾಗಿದ್ದರೆ ದಯವಿಟ್ಟು ಮನ್ನಿಸಿಬಿಡಿ ಎನ್ನುತ್ತಾನೆ. ಆ ಗುಂಪಿನಲ್ಲಿ ಕಿರಾಣಿ ಅಂಗಡಿಯವನೂ ಇರುತ್ತಾನೆ, ಮುನಿಸಿಕೊಂಡು ಮಾತು ಬಿಟ್ಟ ದಾಯಾದಿಯೂ ಇರುತ್ತಾನೆ. ಮಗನ ಮಾತು ಮುಗಿದ ಮೇಲೆಯೇ ಇಮಾಮರು ನಮಾಝ್ ಆರಂಭಿಸುವ ತಕ್ಬೀರ್‌ಗೆ ಕೈ ಎತ್ತುತ್ತಾರೆ.