ಘಟ್ಟದ ಹಳ್ಳಿಗೆ ಆಂಟೆನಾ: ಡಿಬಿಐ ನೋಡುವ ಮೊದಲು ಕೋನ ನೋಡಿ

ಪುಣೆಯ ಪಶ್ಚಿಮ, ದಕ್ಷಿಣಕ್ಕೆ ಮುಳಶಿ, ಮಾವಳ, ಭೋರ್ ಕಡೆಯ ಹಳ್ಳಿಗಳಿಗೆ ಫೈಬರ್ ಎಳೆಯಬೇಕೆಂದರೆ ಬಂಡೆ ಒಡೆಯಬೇಕು. ಎಳೆದರೂ ಮಳೆಗಾಲದಲ್ಲಿ ದರೆ ಕುಸಿದಾಗ ರಸ್ತೆಯ ಜೊತೆ ಕೇಬಲ್ಲೂ ಹೋಗುತ್ತದೆ. ಗುಡ್ಡದ ಮೇಲೊಂದು ಟವರ್, ಕೆಳಗಿನ ಮನೆಗಳ ಮೇಲೆ ಚಿಕ್ಕ ಡಿಶ್: ಇಂಥ ಕಡೆ ಬಾಳಿಕೆ ಬರುವ ವ್ಯವಸ್ಥೆ ಇದೇ. ಪುಣೆಯಲ್ಲಿ ಈ ಕೆಲಸಕ್ಕೆ ಇಳಿಯುವ ವಿಜಯಪುರ, ಕಲಬುರಗಿ ಕಡೆಯ ನಮ್ಮ ಹುಡುಗರು ಮೊದಲು ಕೇಳುವುದು “ಎಷ್ಟು ಡಿಬಿಐದು ಹಾಕೋಣ?” ಅಂತ, ಅಂದರೆ ಆಂಟೆನಾದ ಗೇನ್ (ಸಿಗ್ನಲನ್ನು ಒಂದೇ ದಿಕ್ಕಿಗೆ ಕೂಡಿಸುವ ಶಕ್ತಿ) ಎಷ್ಟಿರಲಿ ಎಂದು. ಅದಕ್ಕಿಂತ ಮೊದಲು ಕೇಳಬೇಕಾದ್ದು ಎರಡಿವೆ. ಟವರಿನಿಂದ ಊರು ಎಷ್ಟು ಡಿಗ್ರಿ ಕೆಳಗಿದೆ? ಆ ಆಂಟೆನಾ ಬೇಡದ ಗದ್ದಲವನ್ನು (ಬೇರೆ ರೇಡಿಯೊಗಳ ಸಿಗ್ನಲನ್ನು) ಎಷ್ಟು ತಡೆಯುತ್ತದೆ?

ಗೇನ್ ಹೆಚ್ಚಿದಷ್ಟೂ ಸಿಗ್ನಲ್ ದೂರ ಹೋಗುತ್ತದೆ ಎಂಬ ನಂಬಿಕೆ ಯಾಕೆ ಅರ್ಧ ಸತ್ಯ ಎಂದು ಮೊದಲು ನೋಡೋಣ. ಹೊರಗಿನ ಲಿಂಕ್‌ಗಳಿಗೆ ಹೆಚ್ಚಾಗಿ ಬಳಸುವುದು 5725ರಿಂದ 5875 ಮೆಗಾಹರ್ಟ್ಸ್ ಪಟ್ಟಿ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯಂತೆ ಇದಕ್ಕೆ ಸ್ಪೆಕ್ಟ್ರಮ್ ಲೈಸೆನ್ಸ್ ಬೇಡ, ಆದರೆ ರೇಡಿಯೊ ಮತ್ತು ಆಂಟೆನಾ ಸೇರಿ ಹೊರಬೀಳುವ ಬಲ, ಅಂದರೆ ಇಐಆರ್‌ಪಿ, 36 ಡಿಬಿಎಂ (ರೇಡಿಯೊ ಬಲದ ಅಳತೆ) ದಾಟಬಾರದು. 20 ಡಿಬಿಐ ಸೆಕ್ಟರ್ (ಅಗಲಕ್ಕೆ ಹರಡುವ ಆಂಟೆನಾ) ಹಾಕಿದರೆ ರೇಡಿಯೊವನ್ನು 16 ಡಿಬಿಎಂಗೆ ಇಳಿಸಬೇಕು, 18 ಡಿಬಿಐ ಹಾರ್ನ್ (ಕಹಳೆ ಬಾಯಿಯಂಥ ಆಂಟೆನಾ) ಹಾಕಿದರೆ 18ಕ್ಕೆ. ಕಳಿಸುವ ದಿಕ್ಕಿನಲ್ಲಿ ಎರಡೂ ಸಮ. ಹೆಚ್ಚಿನ ಗೇನ್ ಲಾಭ ಸಿಗುವುದು ಕೇಳಿಸಿಕೊಳ್ಳುವಾಗ ಮಾತ್ರ, ಅದೂ ಅಲ್ಲಿ ಗದ್ದಲ ಕಡಿಮೆ ಇದ್ದರೆ.

ಈಗ ಕೋನಕ್ಕೆ ಬನ್ನಿ. 90 ಡಿಗ್ರಿ ಸೆಕ್ಟರಿನ ಬೀಮ್, ಅಂದರೆ ಸಿಗ್ನಲಿನ ಹರವು, ಜೋಳದ ರೊಟ್ಟಿಯ ಹಾಗೆ, ಅಗಲವೇನೋ ಇದೆ, ದಪ್ಪ ಇಲ್ಲ. 20 ಡಿಬಿಐ ಸೆಕ್ಟರಿನ ಲಂಬ ಅಗಲ ಸುಮಾರು 5 ಡಿಗ್ರಿ ಅಷ್ಟೇ. ಟವರ್ ಊರುಗಳಿಗಿಂತ 300 ಮೀಟರ್ ಮೇಲಿದೆ ಎನ್ನಿ. 8 ಕಿ.ಮೀ. ದೂರದ ಊರು 2.1 ಡಿಗ್ರಿ ಕೆಳಗೆ, 3 ಕಿ.ಮೀ. ದೂರದ್ದು 5.7 ಡಿಗ್ರಿ ಕೆಳಗೆ, ಗುಡ್ಡದ ಬುಡದಲ್ಲೇ ಒಂದೂವರೆ ಕಿ.ಮೀ. ದೂರದ ವಾಡಿ 11.3 ಡಿಗ್ರಿ ಕೆಳಗೆ ಬೀಳುತ್ತದೆ. ಸೆಕ್ಟರನ್ನು 4 ಡಿಗ್ರಿ ಬಗ್ಗಿಸಿದರೆ ಮೊದಲಿನ ಎರಡೂ ಬೀಮಿನೊಳಗೆ ಬರುತ್ತವೆ. ಬುಡದ ವಾಡಿಗೆ ಸಿಕ್ಕುವುದು ಮುಖ್ಯ ಬೀಮಿನ ಬದಿಗೆ ಸೋರುವ ಸೈಡ್ ಲೋಬ್‌ಗಳ ಚೂರು, ಅಥವಾ ಅವುಗಳ ನಡುವಿನ ಶೂನ್ಯ. ಬಗ್ಗಿಸದೆ ನೆಟ್ಟಗೆ ನಿಲ್ಲಿಸಿದರಂತೂ ಮುಖ್ಯ ಬೀಮಿನ ನಡುಭಾಗ ಎಲ್ಲರ ತಲೆಯ ಮೇಲಿಂದ ಕೊಂಕಣದ ಕಡೆ ಹೋಗುತ್ತದೆ. ಹತ್ತಿರದ ಮನೆಗೇ ಸಿಗ್ನಲ್ ಕಡಿಮೆ ಎಂಬ ದೂರು ಬಂದರೆ ಕಾರಣ ಹೆಚ್ಚಾಗಿ ಇದೇ.

ಇಂಥ ಕಡೆ 30 ಡಿಗ್ರಿಯ ಸಿಮೆಟ್ರಿಕಲ್ ಹಾರ್ನ್ ಒಳ್ಳೆಯದು. ಅಡ್ಡಕ್ಕೂ ಉದ್ದಕ್ಕೂ ಒಂದೇ ಅಗಲ, ಗೇನ್ ಸುಮಾರು 18 ಡಿಬಿಐ, ಸೈಡ್ ಲೋಬ್ ಬಹಳ ಕಡಿಮೆ. 12 ಡಿಗ್ರಿ ಬಗ್ಗಿಸಿದರೆ ಮೇಲಿನ ಮೂರೂ ಊರು ಒಳಗೆ ಬರುತ್ತವೆ. 90 ಡಿಗ್ರಿ ತುಂಬಲು ಮೂರು ಹಾರ್ನ್, ಮೂರು ರೇಡಿಯೊ ಬೇಕಾಗುತ್ತದೆ, ಖರ್ಚು ಹೆಚ್ಚು. ಆದರೆ ಘಟ್ಟದಲ್ಲಿ ಊರುಗಳು ಸುತ್ತಲೂ ಹರಡಿರುವುದಿಲ್ಲ, ಕಣಿವೆ ಹಿಡಿದು ಗುಂಪಾಗಿರುತ್ತವೆ. ಎಷ್ಟೋ ಕಡೆ ಎರಡೇ ಸಾಕಾಗುತ್ತವೆ. ಬಾರಾಮತಿ, ದೌಂಡ್ ಕಡೆಯ ಬಯಲಿಗೆ ಮಾತ್ರ ಸೆಕ್ಟರೇ ಸರಿ. ಸುತ್ತಲೂ ಒಂದೇ ಸಮ ಹರಡುವ ಓಮ್ನಿ ಆಂಟೆನಾ ಬೇಡ. ಸುತ್ತಲಿನ ಎಲ್ಲರ ಗದ್ದಲವನ್ನೂ ತುಂಬಿಕೊಳ್ಳುತ್ತದೆ, ಬಗ್ಗಿಸಲೂ ಬರುವುದಿಲ್ಲ.

ಮನೆಯ ಕಡೆಗೆ 30 ಸೆಂ.ಮೀ. ಡಿಶ್ ಸುಮಾರು 23 ಡಿಬಿಐ ಕೊಡುತ್ತದೆ, ಬೀಮ್ ಸುಮಾರು 12 ಡಿಗ್ರಿ. 60 ಸೆಂ.ಮೀ. ಡಿಶ್ 28–29 ಡಿಬಿಐ, ಬೀಮ್ 6 ಡಿಗ್ರಿ. 5 ಕಿ.ಮೀ. ಲಿಂಕ್‌ನ ಲೆಕ್ಕ ಹೀಗೆ: 36 ಡಿಬಿಎಂ ಹೊರಡುತ್ತದೆ, ಖಾಲಿ ಗಾಳಿಯಲ್ಲಿ 122 ಡಿಬಿ ಕಳೆಯುತ್ತದೆ, ಡಿಶ್ 23 ಕೂಡಿಸುತ್ತದೆ. ಉಳಿಯುವುದು ಮೈನಸ್ 63 ಡಿಬಿಎಂ. 40 ಮೆಗಾಹರ್ಟ್ಸ್ ಚಾನೆಲ್‌ನಲ್ಲಿ ರೇಡಿಯೊದ ಸ್ವಂತ ನಾಯ್ಸ್ ಮೈನಸ್ 92ರ ಆಸುಪಾಸು, ಅಂದರೆ 29 ಡಿಬಿ ಅಂತರ. ಇಷ್ಟು ಚೆನ್ನಾಗಿ ಸಾಕು. ದೊಡ್ಡ ಡಿಶ್ ಹಾಕಲು ನಿಜವಾದ ಕಾರಣ ಅದರ ಕಿರಿದಾದ ಬೀಮ್, ಪಕ್ಕದ ಟವರಿನ ಗದ್ದಲವನ್ನು ಅದು ಬದಿಗೆ ಸರಿಸುತ್ತದೆ. ಅದಕ್ಕೆ ಬೆಲೆ ತೆರಬೇಕಾದ್ದು ಗಾಳಿಗೆ. ಕಟ್ಟಡಗಳ ಮೇಲಿನ ಭಾರದ ಭಾರತೀಯ ಮಾನದಂಡ ಐಎಸ್ 875ರ ಪ್ರಕಾರ ಪುಣೆಯ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಆ ವೇಗದಲ್ಲಿ 60 ಸೆಂ.ಮೀ. ಗಟ್ಟಿ ಡಿಶ್ ಮೇಲೆ ಸುಮಾರು 30 ಕೆ.ಜಿ. ತೂಕದಷ್ಟು ತಳ್ಳು ಬೀಳುತ್ತದೆ. ಹೆಂಚಿನ ಮನೆಯ ತೊಲೆಗೆ ತಂತಿ ಸುತ್ತಿ ಕಟ್ಟಿದ ಪೈಪ್ ಇದನ್ನು ತಡೆಯದು. ಎರಡಿಂಚಿನ ಜಿಐ ಪೈಪ್, ಗೋಡೆಗೆ ಎರಡು ಕಡೆ ಕ್ಲಾಂಪ್ ಬೇಕು.

ಮಳೆಯ ಭಯ 5 ಗಿಗಾಹರ್ಟ್ಸ್‌ನಲ್ಲಿ ಅತಿಯಾದದ್ದು. ಗಂಟೆಗೆ 50 ಮಿ.ಮೀ. ಸುರಿದರೂ ನಷ್ಟ ಕಿಲೋಮೀಟರಿಗೆ ಅರ್ಧ ಡಿಬಿ ಮುಟ್ಟುವುದಿಲ್ಲ. 60 ಗಿಗಾಹರ್ಟ್ಸ್‌ನಲ್ಲಿ ಅದೇ ಮಳೆ ಕಿಲೋಮೀಟರಿಗೆ 17 ಡಿಬಿಯಷ್ಟು ನುಂಗುತ್ತದೆ, ತಾಮ್ಹಿಣಿ ಘಾಟಿನ ಮಳೆಗೆ ಅದು ಆಗದ ಮಾತು. 5 ಗಿಗಾಹರ್ಟ್ಸ್ ಲಿಂಕ್ ಜೂನ್‌ನಲ್ಲಿ ಬಿದ್ದರೆ ಮೋಡ ಬೈಯುವ ಮೊದಲು ಮರ ನೋಡಿ. ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿರುತ್ತದೆ. ಏಪ್ರಿಲ್‌ನಲ್ಲಿ ಕೊಂಬೆಗಳ ನಡುವೆ ಟವರ್ ಕಂಡಿತೆಂದು ಡಿಶ್ ಕೂರಿಸಿದರೆ, ಮಳೆ ಹಿಡಿದು ಮೊರದಗಲದ ಒದ್ದೆ ಎಲೆ ಬಂದಾಗ ಲಿಂಕ್ ಸಾಯುತ್ತದೆ. ಸರ್ವೆಯನ್ನು ಆಗಸ್ಟ್, ಸೆಪ್ಟೆಂಬರಿನಲ್ಲಿ ಮಾಡುವುದೇ ಕ್ಷೇಮ. ಟವರ್ ಕಣ್ಣಿಗೆ ಕಂಡರಷ್ಟೇ ಸಾಲದು. 5 ಕಿ.ಮೀ. ಹಾದಿಯ ನಡುವೆ ಫ್ರೆನೆಲ್ ವಲಯದ (ದೃಷ್ಟಿರೇಖೆಯ ಸುತ್ತ ಅಲೆ ಹಾಯುವ ಜಾಗದ) ತ್ರಿಜ್ಯ 8 ಮೀಟರ್, ಅದರ ಶೇ. 60, ಅಂದರೆ ಸುಮಾರು 5 ಮೀಟರ್, ದೃಷ್ಟಿರೇಖೆಯ ಸುತ್ತ ಖಾಲಿ ಇರಬೇಕು.

ಪಾನಶೇತ್, ಮುಳಶಿ ಜಲಾಶಯಗಳ ಮೇಲಿಂದ ಹಾಯುವ ಲಿಂಕ್‌ಗೆ ಬೇರೆಯೇ ತೊಂದರೆ. ನೀರಿನಿಂದ ಪ್ರತಿಫಲಿಸಿದ ಅಲೆ ನೇರ ಅಲೆಯನ್ನು ಕಡಿಯುತ್ತದೆ. ನೀರಿನ ಮಟ್ಟ ಏರಿಳಿದಂತೆ ಕಡಿತದ ಪ್ರಮಾಣವೂ ಬದಲಾಗುವುದರಿಂದ ಮೇ ತಿಂಗಳಿಡೀ ಸರಿಯಿದ್ದದ್ದು ಸೆಪ್ಟೆಂಬರಿನಲ್ಲಿ ತೂಗಾಡುತ್ತದೆ. ಡಿಶ್ಶನ್ನು ಒಂದೆರಡು ಮೀಟರ್ ಮೇಲೆ ಕೆಳಗೆ ಸರಿಸಿ ನೋಡಿ. ಇನ್ನೂ ಒಳ್ಳೆಯದೆಂದರೆ ದಂಡೆಯಿಂದ ಹಿಂದೆ ಸರಿದು, ಪ್ರತಿಫಲನದ ಹಾದಿಗೆ ದಿಬ್ಬವೋ ಕಟ್ಟಡವೋ ಅಡ್ಡ ಬರುವ ಜಾಗ ಹುಡುಕುವುದು.

ಟವರಿನಲ್ಲಿ ಬೆನ್ನಿಗೆ ಬೆನ್ನು ಹಾಕಿದ ಎರಡು ಆಂಟೆನಾಗಳಿಗೆ ಒಂದೇ ಚಾನೆಲ್ ಕೊಡುವುದಿದ್ದರೆ ಫ್ರಂಟ್-ಟು-ಬ್ಯಾಕ್ ಅಂಕಿ (ಮುಂದಿನ ಬಲಕ್ಕೂ ಹಿಂದೆ ಸೋರುವುದಕ್ಕೂ ಇರುವ ಅಂತರ) 30 ಡಿಬಿ ಮೇಲಿರಲಿ, ರೇಡಿಯೊಗಳಿಗೆ ಜಿಪಿಎಸ್ ಸಿಂಕ್ (ಎಲ್ಲವೂ ಒಂದೇ ಹೊತ್ತಿಗೆ ಕಳಿಸಿ, ಒಂದೇ ಹೊತ್ತಿಗೆ ಕೇಳುವ ಹೊಂದಾಣಿಕೆ) ಇರಲಿ. ಪೋಲರೈಸೇಶನ್ (ಅಲೆ ಕಂಪಿಸುವ ದಿಕ್ಕು) ಎರಡೂ ತುದಿಯಲ್ಲಿ ಒಂದೇ ಇರಬೇಕು. ಒಂದು ಕಡೆ ಅಡ್ಡ-ಲಂಬ, ಇನ್ನೊಂದು ಕಡೆ 45 ಡಿಗ್ರಿ ಓರೆ ಆದರೆ ರೇಡಿಯೊದ ಎರಡು ಸಿಗ್ನಲ್ ಹಾದಿಗಳಲ್ಲಿ, ಅಂದರೆ ಪ್ರತಿ ಚೈನ್‌ನಲ್ಲೂ 3 ಡಿಬಿ ಹೋಗುತ್ತದೆ. ಎನ್ ಕನೆಕ್ಟರ್‌ಗಳಿಗೆ ತನಗೆ ತಾನೇ ಅಂಟಿಕೊಳ್ಳುವ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಪದರಗಳ ಮೇಲೆ ನೀರು ಜಾರಿಹೋಗುತ್ತದೆ. ಎತರ್ನೆಟ್ ಕೇಬಲ್ ಮನೆಯೊಳಗೆ ಹೋಗುವ ಮುನ್ನ ಕೆಳಗೆ ಬಾಗಿ ಮೇಲೇರಲಿ.

ಡಿಶ್ ತಿರುಗಿಸುವಾಗ ಸಿಕ್ಕ ಮೊದಲ ಶಿಖರಕ್ಕೇ ಬೋಲ್ಟ್ ಬಿಗಿಯಬೇಡಿ. ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ ಸಿಗ್ನಲ್ ಬಿದ್ದು ಮತ್ತೆ ಏಳುವವರೆಗೆ ಸರಿಸಿ, ಎಲ್ಲಕ್ಕಿಂತ ಎತ್ತರದ್ದರ ನಡುವೆ ನಿಲ್ಲಿಸಿ. ಲೆಕ್ಕದಲ್ಲಿ ಮೈನಸ್ 63 ಬಂದು ಪರದೆಯ ಮೇಲೆ ಮೈನಸ್ 80 ಕಂಡರೆ ನೀವು ಸೈಡ್ ಲೋಬ್ ಮೇಲೆ ನಿಂತಿದ್ದೀರಿ, ಇಲ್ಲವೇ ಹಾದಿಯಲ್ಲಿ ಮರವಿದೆ. ಎರಡು ಚೈನ್‌ಗಳ ನಡುವೆ 4 ಡಿಬಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕನೆಕ್ಟರ್ ಬಿಚ್ಚಿ, ಒಳಗೆ ನೀರಿದೆಯೇ ನೋಡಿ.