ತಾಳಮದ್ದಲೆ ಕೇಳುವವರಿಗೆ ಫಾಲೌಟ್

ಶಿರಸಿ, ಸಿದ್ದಾಪುರ ಕಡೆ ರಾತ್ರಿಯೆಲ್ಲ ಕೂತು ತಾಳಮದ್ದಲೆ ಕೇಳಿದವರಿಗೆ ಹಳೆಯ ಕಂಪ್ಯೂಟರ್ ಆರ್‌ಪಿಜಿಗಳ (ಒಂದು ಪಾತ್ರವಾಗಿ ಕತೆಯೊಳಗೆ ಆಡುವ ಆಟಗಳ) ಗುಟ್ಟು ಬೇಗ ಹಿಡಿಯುತ್ತದೆ. ಪ್ರಸಂಗ ಅದೇ, ಭಾಗವತರ ಪದ್ಯವೂ ಅದೇ. ಆದರೆ ವಾಲಿಯ ಅರ್ಥ ಹೇಳುವವರು ಬದಲಾದರೆ ರಾಮ ಕೊಡಬೇಕಾದ ಉತ್ತರವೂ ಬದಲಾಗುತ್ತದೆ. ಎದುರಿಗೆ ಕೂತವರು ನಮ್ಮ ಮಾತು ಕೇಳಿಸಿಕೊಂಡೇ ಮುಂದಿನ ಮಾತು ಎತ್ತುತ್ತಾರೆ. ಆಟಕ್ಕೂ ಈ ಕಿವಿ ಇರಬೇಕು.

1997ರ ಫಾಲೌಟ್ ನೋಡಿ. ಪಾತ್ರಕ್ಕೆ ಏಳು ಗುಣ, ಒಂದೊಂದೂ 5ರಿಂದ ಶುರು, ಹಂಚಿಕೊಳ್ಳಲು ಇನ್ನೈದು ಅಂಕ. ತೋಳ್ಬಲದ ಆಸೆಗೆ ಬುದ್ಧಿಯನ್ನು 3ಕ್ಕೆ ಇಳಿಸಿದಿರೋ, ಹೊಡೆದಾಟವೇನೋ ಗೆಲ್ಲಬಹುದು, ಬಾಯಿ ಬಿಟ್ಟರೆ ಮಾತ್ರ ಬರೀ ತೊದಲು. ಎಷ್ಟೋ ಜನ ಕೆಲಸವನ್ನೇ ಒಪ್ಪಿಸುವುದಿಲ್ಲ. 4 ಇದ್ದರೆ ಮಾತು ಸರಿ.

ಮನುಷ್ಯರನ್ನೆಲ್ಲ ಮ್ಯುಟೆಂಟ್ (ರೂಪಾಂತರಗೊಂಡ ದೈತ್ಯ ಜೀವಿ) ಮಾಡಿ ಹೊಸ ಕುಲ ಕಟ್ಟಲು ಹೊರಟ ಮಾಸ್ಟರ್ ಇದರ ಕೊನೆಯ ಖಳ. ಗುಂಡು ಹಾರಿಸದೆಯೂ ಅವನ ಕತೆ ಮುಗಿಸಬಹುದು. ಮೊದಲು ಬ್ರದರ್‌ಹುಡ್ ಎಂಬ ಪಂಗಡದ ಬಂಕರಿನಲ್ಲಿರುವ ವ್ರೀ ಎಂಬ ಸಂಶೋಧಕಿಯಿಂದ ಮ್ಯುಟೆಂಟ್ ಶವಪರೀಕ್ಷೆಯ ಡಿಸ್ಕ್ ಕೇಳಿ ಪಡೆಯಬೇಕು. ಸ್ಪೀಚ್ ಅಂದರೆ ಮಾತಿನ ಕೌಶಲವನ್ನೂ ಬೆಳೆಸಿಕೊಂಡಿರಬೇಕು. ಆಮೇಲೆ ಅವನೆದುರು ನಿಂತು ‘ನಿನ್ನ ಕುಲಕ್ಕೆ ಮಕ್ಕಳೇ ಆಗುವುದಿಲ್ಲವಲ್ಲ’ ಎಂದು ಪ್ರಮಾಣ ಸಮೇತ ತೋರಿಸಿದರೆ, ತಾನು ಮಾಡಿದ್ದೆಲ್ಲ ವ್ಯರ್ಥವೆಂದು ಒಪ್ಪಿ ತನ್ನನ್ನೇ ನಾಶಮಾಡಿಕೊಳ್ಳುತ್ತಾನೆ. ವಾದದಲ್ಲಿ ಸೋತು ಪ್ರಸಂಗ ಮುಗಿಸುವ ಇಂಥ ಖಳ ಈಗಲೂ ಅಪರೂಪ.

ಹಳೆಯದೆಂದು ಎಲ್ಲವನ್ನೂ ಹೊತ್ತು ತರಬೇಕಿಲ್ಲ. 1998ರ ಬಾಲ್ಡರ್ಸ್ ಗೇಟ್‌ನಲ್ಲಿ ರಕ್ಷಣೆಯ ಅಂಕ ಕಡಿಮೆಯಾದಷ್ಟೂ ಒಳ್ಳೆಯದು! ಥ್ಯಾಕೋ (ರಕ್ಷಣೆ 0 ಇರುವ ಎದುರಾಳಿಗೆ ಹೊಡೆಯಲು ದಾಳದಲ್ಲಿ ಬೇಕಾದ ಅಂಕ) 20 ಇರುವವರು ರಕ್ಷಣೆ 5 ಇರುವ ಎದುರಾಳಿಗೆ ಹೊಡೆಯಲು ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಹೆಚ್ಚು ಬೀಳಿಸಬೇಕು. ಈ ತಲೆಕೆಳಗಾದ ಲೆಕ್ಕ ಹೋದದ್ದೇ ಒಳ್ಳೆಯದಾಯಿತು.

ಈ ಹಳೆಯ ಆಟಗಳ ವಾರಸುದಾರರು ಎಡವುವುದು ಹೆಚ್ಚಾಗಿ ಹೊರರೂಪ ನೋಡಿ. 2015ರ ಪಿಲ್ಲರ್ಸ್ ಆಫ್ ಎಟರ್ನಿಟಿಯಲ್ಲಿ ಹಿನ್ನೆಲೆ ಚಿತ್ರ ಹಳೆಯದರಷ್ಟೇ ಚಂದ. ಆದರೆ ಆಟ ತಯಾರಾಗಲು ದುಡ್ಡು ಕೊಟ್ಟು ಬೆಂಬಲಿಸಿದವರ ಪಾತ್ರಗಳು ಬಂಗಾರದ ಬಣ್ಣದ ಹೆಸರಿನ ಫಲಕ ಹೊತ್ತು ಊರತುಂಬ ನಿಂತಿವೆ. ಅವುಗಳ ಕತೆಗೂ ಪ್ರಸಂಗಕ್ಕೂ ಸಂಬಂಧವಿಲ್ಲ. ಅಂಥ ನಾಲ್ಕು ಓದಿದ ಮೇಲೆ ಮುಖ್ಯವಾದದ್ದನ್ನೂ ಓದುವ ತಾಳ್ಮೆ ಉಳಿಯುವುದಿಲ್ಲ. 2019ರ ಡಿಸ್ಕೋ ಎಲಿಸಿಯಂ ಬೇರೆ ದಾರಿ ಹಿಡಿಯಿತು: ಪ್ರತ್ಯೇಕ ಕಾಳಗವೇ ಇಲ್ಲ, ಪ್ರತಿ ಪರೀಕ್ಷೆಗೂ ಆರು ಮುಖದ ಎರಡು ದಾಳ, ಬಿದ್ದದ್ದಕ್ಕೆ ನಿಮ್ಮ ಕೌಶಲದ ಅಂಕ ಕೂಡಿಸುವುದು. ಬಿಳಿ ಬಣ್ಣದಲ್ಲಿ ತೋರುವ ಪರೀಕ್ಷೆಯಲ್ಲಿ ಸೋತರೆ ಆ ಕೌಶಲ ಏರಿಸಿ ಮತ್ತೆ ಬರಬಹುದು, ಕೆಂಪಿಗೆ ಒಂದೇ ಅವಕಾಶ. ಸೋತರೂ ಕತೆ ನಿಲ್ಲುವುದಿಲ್ಲ, ಬೇರೆ ಕಡೆ ಹೊರಳುತ್ತದೆ.

2023ರ ಬಾಲ್ಡರ್ಸ್ ಗೇಟ್ 3 ಕೇಳುವುದು ಎಸ್‌ಎಸ್‌ಡಿಯಲ್ಲಿ 150 ಜಿಬಿ ಜಾಗ. ಘಟ್ಟದ ಮೇಲಿನ ನೆಟ್‌ವರ್ಕಿನಲ್ಲಿ ಆ ಆಟವನ್ನು ಇಳಿಸಿಕೊಳ್ಳುವುದೇ ಒಂದು ಸಾಹಸ. ಹಳೆಯ ಲ್ಯಾಪ್‌ಟಾಪ್ ಇದ್ದವರು ಫಾಲೌಟನ್ನೇ ಹಾಕಿ. ನಿಮ್ಮ ಭೂಗತ ನೆಲೆಯಲ್ಲಿ ನೀರು ಶುದ್ಧ ಮಾಡುವ ಯಂತ್ರಕ್ಕೆ ಬೇಕಾದ ಚಿಪ್ ತರಲು 150 ದಿನ ಮಾತ್ರ, ವಿಶ್ರಾಂತಿ ತೆಗೆದುಕೊಂಡಷ್ಟೂ ದಿನ ಖರ್ಚು. ಸೇವ್ ಮಾಡಲು ಹತ್ತು ಜಾಗ ಇವೆ. ಒಂದರಲ್ಲೇ ತಿದ್ದಿ ತಿದ್ದಿ ಉಳಿಸಿದರೆ 140ನೇ ದಿನ ಮರುಭೂಮಿಯ ನಡುವೆ ಸಿಕ್ಕಿಬಿದ್ದಾಗ ಹಿಂದೆ ಹೋಗಲು ದಾರಿಯಿರುವುದಿಲ್ಲ, ಮೂರ್ನಾಲ್ಕನ್ನಾದರೂ ಬಳಸಿ. ಆಷಾಢದ ಮಳೆಯಲ್ಲಿ ಲೈನಿನ ಮೇಲೆ ಮರ ಬೀಳುವ ಊರಾದರೆ ತಕ್ಷಣ ಸೇವ್ ಮಾಡುವ ಎಫ್6 ಕೀಲಿ ಒತ್ತುವುದನ್ನೂ ರೂಢಿಸಿಕೊಳ್ಳಿ.